ಯಾರು ಮಗು ಅಂತ ತೀರ್ಮಾನ ಮಾಡೋರು ಯಾರು?

ಜಾರ್ಜ್ ಸ್ಟಿನ್ನಿ ಅನ್ನೋ ಹುಡುಗನ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕೇಳದೇ ಇದ್ದವರಿಗಾಗಿ ಮೊದಲಿನಿಂದ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

1944ನೇ ಇಸವಿ. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಆಲ್ಕೊಲು ಅನ್ನೋ ಸಣ್ಣ ಊರು. ಊರಿನ ಜೀವನವೆಲ್ಲ ಒಂದು ಮರದ ಮಿಲ್ಲಿನ ಸುತ್ತ. ರೈಲು ಹಳಿಯ ಒಂದು ಕಡೆ ಬಿಳಿಯರ ಮನೆಗಳು, ಇನ್ನೊಂದು ಕಡೆ ಕಪ್ಪು ಜನರ ಮನೆಗಳು. ನಮಗಿದು ಹೊಸದೇನಲ್ಲ, ಊರು-ಕೇರಿ ಅಂದ್ಕೊಳ್ಳಿ. ಆ ಮಾರ್ಚ್ ತಿಂಗಳಲ್ಲಿ ಇಬ್ಬರು ಪುಟ್ಟ ಬಿಳಿಯ ಹೆಣ್ಣುಮಕ್ಕಳ ಕೊಲೆ ಆಯ್ತು. ಪೊಲೀಸರು 14 ವರ್ಷದ ಜಾರ್ಜ್‌ನನ್ನ ಎತ್ತಾಕ್ಕೊಂಡು ಹೋದರು. ವಿಚಾರಣೆ ಮಾಡುವಾಗ ಜೊತೆಯಲ್ಲಿ ಅಪ್ಪ-ಅವ್ವ ಇಲ್ಲ, ವಕೀಲರಿಲ್ಲ. "ಹುಡುಗ ತಪ್ಪೊಪ್ಪಿಕೊಂಡ" ಅಂತ ಪೊಲೀಸರು ಹೇಳಿದರು. ಅವನು ಸಹಿ ಹಾಕಿದ ಒಂದು ಕಾಗದವೂ ಇಲ್ಲ. ಅಪ್ಪನನ್ನ ಮಿಲ್ಲಿನ ಕೆಲಸದಿಂದ ತೆಗೆದರು. ಜೀವಭಯಕ್ಕೆ ಕುಟುಂಬ ಊರು ಬಿಟ್ಟಿತು.

ಏಪ್ರಿಲ್ 24ಕ್ಕೆ ಕೋರ್ಟು. ಒಂದೇ ದಿನದಲ್ಲಿ ಎಲ್ಲಾ ಮುಗೀತು. ಜ್ಯೂರಿಯಲ್ಲಿ ಕೂತವರೆಲ್ಲ ಬಿಳಿಯರು. ಸರ್ಕಾರ ಕೊಟ್ಟ ವಕೀಲ ಹುಡುಗನ ಪರವಾಗಿ ಒಬ್ಬ ಸಾಕ್ಷಿಯನ್ನೂ ಕರೀಲಿಲ್ಲ, ಆಮೇಲೆ ಮೇಲ್ಮನವಿಯನ್ನೂ ಹಾಕಲಿಲ್ಲ. ಜ್ಯೂರಿ ಒಳಗೆ ಹೋಗಿ ಹತ್ತೇ ನಿಮಿಷದಲ್ಲಿ ಹೊರಗೆ ಬಂತು. ಮರಣದಂಡನೆ. ಹುಡುಗನ ವಯಸ್ಸು ನೋಡಿ ಕರುಣೆ ತೋರಿಸಿ ಅಂತ ಜನ ಗವರ್ನರ್‌ಗೆ ಪತ್ರ ಬರೆದರು, ಅವರು ಒಪ್ಪಲಿಲ್ಲ. ಜೂನ್ 16ರಂದು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು. ಅವನ ತೂಕ ಸುಮಾರು 43 ಕೆ.ಜಿ. ದೊಡ್ಡವರಿಗಾಗಿ ಮಾಡಿದ್ದ ಆ ಕುರ್ಚಿ ಅವನ ಅಳತೆಗೆ ಸರಿಹೊಂದಲಿಲ್ಲ.

2014ರ ಡಿಸೆಂಬರ್‌ನಲ್ಲಿ, 70 ವರ್ಷ ಆದಮೇಲೆ, ನ್ಯಾಯಾಧೀಶೆ ಕಾರ್ಮೆನ್ ಮುಲ್ಲೆನ್ ಆ ತೀರ್ಪನ್ನ ರದ್ದು ಮಾಡಿದರು. ಹುಡುಗನಿಗೆ ನ್ಯಾಯಯುತ ವಿಚಾರಣೆ ಸಿಕ್ಕೇ ಇಲ್ಲ ಅಂದರು.

ಅದು ಹಳೇ ಕಾಲ, ಮಕ್ಕಳಿಗೆ ಬೇರೆ ಕಾನೂನು ಇರಲಿಲ್ಲ ಅಂತ ಯಾರಾದರೂ ಹೇಳಬಹುದು. ಇತ್ತು. ಪ್ರಪಂಚದ ಮೊದಲ ಮಕ್ಕಳ ಕೋರ್ಟು ಅಂತ ಹೇಳಿಕೊಳ್ಳೋದು 1899ರಲ್ಲಿ ಅದೇ ಅಮೆರಿಕದ ಶಿಕಾಗೋದಲ್ಲಿ ಶುರುವಾಯ್ತು. ತಪ್ಪು ಮಾಡಿದ ಮಗುವನ್ನ ಸರ್ಕಾರ ತಂದೆ-ತಾಯಿಯ ಹಾಗೆ ನೋಡಿಕೊಳ್ಳಬೇಕು, ಶಿಕ್ಷೆಗಿಂತ ತಿದ್ದೋದು ಮುಖ್ಯ ಅನ್ನೋದು ಅದರ ತತ್ವ. 1925ರ ಹೊತ್ತಿಗೆ ಎರಡು ರಾಜ್ಯ ಬಿಟ್ಟು ಎಲ್ಲ ಕಡೆ ಅಂಥ ಕಾನೂನು ಬಂದಿತ್ತು. ಆದರೆ ದಕ್ಷಿಣ ಕೆರೊಲಿನಾದಲ್ಲಿ 14 ತುಂಬಿದವನನ್ನ ದೊಡ್ಡವನ ಲೆಕ್ಕಕ್ಕೆ ಹಾಕಬಹುದಿತ್ತು. ಜಾರ್ಜ್‌ನನ್ನ ಹಾಗೇ ಹಾಕಿದರು. ಅಂದರೆ ಮಕ್ಕಳ ಮೇಲೆ ಕರುಣೆ ಇರೋ ಕಾನೂನು ದೇಶದಲ್ಲಿ ಇತ್ತು. ಆ ಕಾನೂನು ಹೇಳೋ "ಮಗು" ಯಾರು ಅನ್ನೋದೇ ಪ್ರಶ್ನೆ.

ಈ ಪ್ರಶ್ನೆ ಇನ್ನೂ ಹಳೇದು. 1825ರಲ್ಲಿ ನ್ಯೂಯಾರ್ಕ್‌ನಲ್ಲಿ, 1828ರಲ್ಲಿ ಫಿಲಡೆಲ್ಫಿಯಾದಲ್ಲಿ ದಾರಿ ತಪ್ಪಿದ ಮಕ್ಕಳಿಗೆ ಆಶ್ರಯಗೃಹ ಕಟ್ಟಿದರು. ಫಿಲಡೆಲ್ಫಿಯಾದ್ದು ಬಿಳಿಯ ಮಕ್ಕಳಿಗೆ ಮಾತ್ರ. ಕಪ್ಪು ಮಕ್ಕಳಿಗೆ ಬೇರೆ ಮನೆ ಆಗೋಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯ್ತು. ಅಲ್ಲೀವರೆಗೆ ಅವರಿಗೆ ದೊಡ್ಡವರ ಜೈಲೇ ಗತಿ. ಗುಲಾಮಗಿರಿ ಹೋದಮೇಲೆ ದಕ್ಷಿಣದ ರಾಜ್ಯಗಳು ಕೈದಿಗಳನ್ನ ಗಣಿಗೆ, ತೋಟಕ್ಕೆ, ರೈಲು ಹಳಿ ಕೆಲಸಕ್ಕೆ ಬಾಡಿಗೆಗೆ ಕೊಡೋ ಪದ್ಧತಿ ತಂದವು. ಆ ಸಾಲಿನಲ್ಲಿ ಕಪ್ಪು ಮಕ್ಕಳೂ ಇದ್ದರು.

ಆಗ ಏನಾಯ್ತು ಗೊತ್ತಾ? ಕಪ್ಪು ಹೆಣ್ಣುಮಕ್ಕಳ ಸಂಘಗಳು ತಾವೇ ದುಡ್ಡು ಕೂಡಿಸಿದವು. 1907ರಲ್ಲಿ ಅಲಬಾಮಾದ ಮೌಂಟ್ ಮೀಗ್ಸ್‌ನಲ್ಲಿ ಹುಡುಗರಿಗೆ ಒಂದು ಸುಧಾರಣಾ ಶಾಲೆ ಮಾಡಿದರು. 1915ರಲ್ಲಿ ವರ್ಜೀನಿಯಾದಲ್ಲಿ ಜೇನೀ ಪೋರ್ಟರ್ ಬ್ಯಾರೆಟ್ ಹುಡುಗಿಯರಿಗೆ ಒಂದು ಶಾಲೆ ತೆರೆದರು. ಯೋಚನೆ ಮಾಡಿ, ತಮ್ಮ ಮಕ್ಕಳನ್ನ ಜೈಲಿಂದ ಬಿಡಿಸಿ "ಇವರೂ ಮಕ್ಕಳೇ" ಅಂತ ತೋರಿಸೋಕೆ ಆ ತಾಯಂದಿರು ರಿಮ್ಯಾಂಡ್ ಹೋಮನ್ನೂ ತಾವೇ ಕಟ್ಟಬೇಕಾಯ್ತು. 1911ರಲ್ಲಿ ಅಲಬಾಮಾ ಸರ್ಕಾರ ಮೌಂಟ್ ಮೀಗ್ಸನ್ನ ವಶಕ್ಕೆ ತಗೊಂಡಿತು. ತಾಯಂದಿರು ಕಟ್ಟಿದ ಆ ಜಾಗ ಮುಂದೆ ಏಟಿಗೆ, ಹೊಲದ ದುಡಿತಕ್ಕೆ ಕುಖ್ಯಾತವಾಯ್ತು.

ಫ್ಲಾರಿಡಾದ ಮರಿಯಾನಾದಲ್ಲಿ ಡೋಜಿಯರ್ ಶಾಲೆ ಅಂತ ಇತ್ತು. 1900ರಲ್ಲಿ ಶುರುವಾಗಿ 2011ರಲ್ಲಿ ಮುಚ್ಚಿತು. ಬಹುಕಾಲ ಬಿಳಿಯರಿಗೆ ಒಂದು ಕಡೆ, ಕಪ್ಪು ಹುಡುಗರಿಗೆ ಇನ್ನೊಂದು ಕಡೆ. ಸ್ಮಶಾನ ಇದ್ದದ್ದು ಕಪ್ಪು ಹುಡುಗರ ಕಡೆ. ಅಲ್ಲಿ ನೆಟ್ಟಿದ್ದ ಶಿಲುಬೆ 31. ವಿಶ್ವವಿದ್ಯಾಲಯದ ಸಂಶೋಧಕರು ಅಗೆದಾಗ ಸಿಕ್ಕ ಗೋರಿ 55.

1967ರಲ್ಲಿ ಸುಪ್ರೀಂ ಕೋರ್ಟು ಗಾಲ್ಟ್ ಪ್ರಕರಣದಲ್ಲಿ ದೊಡ್ಡ ತೀರ್ಪು ಕೊಟ್ಟಿತು. ಮಕ್ಕಳಿಗೂ ವಕೀಲರ ಹಕ್ಕಿದೆ, ತನ್ನ ವಿರುದ್ಧ ತಾನೇ ಹೇಳಿಕೆ ಕೊಡದೇ ಇರೋ ಹಕ್ಕಿದೆ ಅಂತ. ಒಳ್ಳೇದೇ ಆಯ್ತು. ಆದರೆ 1989ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಪ್ರಕರಣ ಬಂತು. ಒಬ್ಬ ಮಹಿಳೆಯ ಮೇಲೆ ಭೀಕರ ಅತ್ಯಾಚಾರ. 14ರಿಂದ 16 ವಯಸ್ಸಿನ ಐದು ಹುಡುಗರನ್ನ ಹಿಡಿದರು, ನಾಲ್ವರು ಕಪ್ಪು, ಒಬ್ಬ ಲ್ಯಾಟಿನೋ. ಗಂಟೆಗಟ್ಟಲೆ ಕೂರಿಸಿ ತಪ್ಪೊಪ್ಪಿಗೆ ತಗೊಂಡರು. ಮರಣದಂಡನೆ ವಾಪಸ್ ತನ್ನಿ ಅಂತ ಡೊನಾಲ್ಡ್ ಟ್ರಂಪ್ ಪತ್ರಿಕೆಗಳಲ್ಲಿ ಪುಟಪೂರ್ತಿ ಜಾಹೀರಾತು ಕೊಟ್ಟರು. 2002ರಲ್ಲಿ ನಿಜವಾದ ಅಪರಾಧಿ ಒಪ್ಪಿಕೊಂಡ, ಡಿಎನ್‌ಎ ಅವನದ್ದೇ ಅಂತ ಸಾಬೀತಾಯ್ತು. ಅಷ್ಟರಲ್ಲಿ ಐವರ ಹರೆಯವೂ ಜೈಲಲ್ಲಿ ಕಳೆದುಹೋಗಿತ್ತು.

ಈ ನಡುವೆ, 1995ರಲ್ಲಿ ಒಬ್ಬ ಪ್ರೊಫೆಸರ್ ದಯೆ-ದಾಕ್ಷಿಣ್ಯ ಇಲ್ಲದ "ಸೂಪರ್ ಪ್ರಿಡೇಟರ್" ಹುಡುಗರ ಪೀಳಿಗೆ ಬರ್ತಿದೆ ಅಂತ ಬರೆದರು. ಟಿವಿ, ಪತ್ರಿಕೆ, ರಾಜಕಾರಣಿಗಳು ಅದನ್ನೇ ಹಾಡಿದರು. ಮನಸ್ಸಲ್ಲಿ ಯಾರ ಮುಖ ಇತ್ತು ಅಂತ ಹೇಳಬೇಕಿಲ್ಲ. 90ರ ದಶಕದಲ್ಲಿ ಬಹುತೇಕ ಎಲ್ಲ ರಾಜ್ಯಗಳೂ ಮಕ್ಕಳನ್ನ ದೊಡ್ಡವರ ಕೋರ್ಟಿಗೆ ಕಳಿಸೋದನ್ನ ಸುಲಭ ಮಾಡಿದವು. ವಾಸ್ತವದಲ್ಲಿ ಮಕ್ಕಳ ಅಪರಾಧ ಆಗಲೇ ಇಳಿಯೋಕೆ ಶುರುವಾಗಿತ್ತು. ಆಮೇಲೆ ಆ ಪ್ರೊಫೆಸರೇ ತನ್ನ ಲೆಕ್ಕ ತಪ್ಪು ಅಂತ ಒಪ್ಪಿಕೊಂಡರು. ಕಾನೂನುಗಳು ಮಾತ್ರ ಅಷ್ಟು ಸುಲಭವಾಗಿ ವಾಪಸ್ ಹೋಗಲಿಲ್ಲ.

ಇನ್ನೊಂದು ಮಾತು. 2000ದಿಂದ ಈಚೆಗೆ ಅಮೆರಿಕದಲ್ಲಿ ಬಂಧನದಲ್ಲಿರೋ ಮಕ್ಕಳ ಸಂಖ್ಯೆ ಬಹಳ ಇಳಿದಿದೆ. ಆದರೂ ಬಿಳಿಯ ಮಕ್ಕಳಿಗೆ ಹೋಲಿಸಿದರೆ ಕಪ್ಪು ಮಕ್ಕಳು ಒಳಗೆ ಹೋಗೋ ಪ್ರಮಾಣ ನಾಲ್ಕು ಪಟ್ಟಿಗೂ ಹೆಚ್ಚು. ಕರುಣೆ ಜಾಸ್ತಿ ಆಯ್ತು, ಹಂಚಿಕೆ ಹಳೇ ತರಾನೇ ಉಳೀತು. 2014ರಲ್ಲಿ ಪ್ರಕಟವಾದ ಫಿಲಿಪ್ ಗಾಫ್ ಮತ್ತಿತರರ ಅಧ್ಯಯನ ಇದರ ಒಂದು ಬೇರು ತೋರಿಸುತ್ತೆ: ಅಪರಾಧದ ಆರೋಪ ಇರೋ ಕಪ್ಪು ಹುಡುಗನ ವಯಸ್ಸನ್ನ ಜನ ಸರಾಸರಿ ನಾಲ್ಕೂವರೆ ವರ್ಷ ಹೆಚ್ಚು ಅಂದಾಜು ಮಾಡ್ತಾರೆ. ಅದೇ ವರ್ಷ ಕ್ಲೀವ್‌ಲ್ಯಾಂಡ್‌ನಲ್ಲಿ ಆಟಿಕೆ ಪಿಸ್ತೂಲು ಹಿಡಿದಿದ್ದ 12 ವರ್ಷದ ಟಮಿರ್ ರೈಸ್‌ನನ್ನ ಪೊಲೀಸರು ಗುಂಡಿಟ್ಟು ಕೊಂದರು. ರೇಡಿಯೋದಲ್ಲಿ ಅವರು ಹೇಳಿದ ವಯಸ್ಸು 20.

ಇದನ್ನ ನಾನ್ಯಾಕೆ ಕನ್ನಡದಲ್ಲಿ ಬರೀತಿದ್ದೀನಿ?

ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಪ್ರಕಾರ ಇಡೀ ಸಮುದಾಯ ಹುಟ್ಟಿನಿಂದಲೇ ಕಳ್ಳರು. 1897ರ ತಿದ್ದುಪಡಿ ನಾಲ್ಕು ವರ್ಷದ ಮಗುವನ್ನೂ ಹೆತ್ತವರಿಂದ ಕಿತ್ತು ಬೇರೆ ಇಡೋಕೆ ದಾರಿ ಮಾಡಿತು. ಹುಬ್ಬಳ್ಳಿ, ಗದಗ-ಬೆಟಗೇರಿ, ವಿಜಯಪುರದಲ್ಲಿ ಮುಳ್ಳುತಂತಿ ಹಾಕಿ ಜನರನ್ನ ಕೂಡಿಟ್ಟ ಜಾಗಗಳನ್ನ ಇವತ್ತಿಗೂ "ಸೆಟ್ಲಮೆಂಟ್" ಅಂತಲೇ ಕರೀತಾರೆ. ಕಾಯ್ದೆ 1952ರಲ್ಲಿ ಹೋಯ್ತು. ಆದರೆ ಅಲ್ಲಿನ ಹುಡುಗನನ್ನ ನೋಡೋ ಕಣ್ಣು ಹೋಗಿದೆಯಾ?

2012ರ ದೆಹಲಿ ಪ್ರಕರಣದ ಸಿಟ್ಟಿನಲ್ಲಿ 2015ರ ಬಾಲ ನ್ಯಾಯ ಕಾಯ್ದೆ ಬಂತು. 16 ದಾಟಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಇದ್ದರೆ, ಅವನ ಮನಸ್ಸು ಎಷ್ಟು ಬೆಳೆದಿದೆ ಅಂತ ಬಾಲ ನ್ಯಾಯ ಮಂಡಳಿ ಅಳೆದು ನೋಡಿ, ದೊಡ್ಡವರ ವಿಚಾರಣೆಗೆ ಕಳಿಸಬಹುದು. ಆ ಸಿಟ್ಟು ಸುಳ್ಳಲ್ಲ. ನಮ್ಮ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ಆದಾಗ ನಾವೂ ಬೀದಿಯಲ್ಲಿ ನಿಂತು ಗಲ್ಲಿಗೆ ಹಾಕಿ ಅಂತ ಕೂಗಿದ್ದೀವಿ. ಆದರೆ ಆ ಅಳತೆಗೋಲು ಯಾರ ಕೈಯಲ್ಲಿರುತ್ತೆ? ಕೇರಿಯ ಹುಡುಗ ಅವರ ಕಣ್ಣಿಗೆ ಎಷ್ಟು ವರ್ಷದವನಾಗಿ ಕಾಣ್ತಾನೆ? ಅಮೆರಿಕದ ಇನ್ನೂರು ವರ್ಷ ಹೇಳೋದು ಇಷ್ಟೇ: "ಇವನು ಮಗುವಲ್ಲ" ಅಂತ ಹೇಳೋ ಅಧಿಕಾರ ಕೊಟ್ಟಾಗ, ಅದು ಮೊದಲು ಬೀಳೋದು ಯಾರನ್ನ ಮೊದಲೇ ಮನುಷ್ಯ ಅಂತ ಒಪ್ಪಿಲ್ಲವೋ ಅವರ ಮಕ್ಕಳ ಮೇಲೆ.

ಹಾಗಾಗಿ ಒಂದು ವಿನಂತಿ. ನಮ್ಮ ಹುಡುಗರನ್ನ ಠಾಣೆಗೆ ಕರೆದೊಯ್ದ ಸುದ್ದಿ ಬಂದರೆ ತಡಮಾಡಬೇಡಿ. ಅಪ್ಪ-ಅವ್ವನನ್ನ, ಒಬ್ಬ ವಕೀಲರನ್ನ ಕರ್ಕೊಂಡು ಹೋಗಿ. ವಯಸ್ಸಿನ ದಾಖಲೆ, ಶಾಲೆಯ ಕಾಗದ ಜೊತೆಯಲ್ಲಿರಲಿ. 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರು ಮಾಡಬೇಕು ಅಂತ ಕಾನೂನಿದೆ, ಲಾಕಪ್ಪಿನಲ್ಲಿ ಇಡೋ ಹಾಗಿಲ್ಲ. ಜಾರ್ಜ್‌ನ ಪಕ್ಕದಲ್ಲಿ ಆವತ್ತು ನಿಲ್ಲೋಕೆ ಯಾರನ್ನೂ ಬಿಡಲಿಲ್ಲ. ನಮ್ಮ ಹುಡುಗರ ಪಕ್ಕದಲ್ಲಿ ನಾವು ನಿಲ್ಲಬಹುದು.

ಜೈ ಭೀಮ್.