ಕಂಬದ ಹಿಂದಿನ ಮುಖ

ನಮ್ಮ ಕರಾವಳಿಯ ಹಳೆಯ ಮನೆಗಳ ಚಾವಡಿಯಲ್ಲಿ ದೇವರ ಪಟಗಳ ಸಾಲು ಮುಗಿದಲ್ಲಿಂದ ಹಿರಿಯರ ಪಟಗಳ ಸಾಲು ಶುರುವಾಗುತ್ತದೆ. ಮುಂದಿನ ಸಲ ಅಂಥ ಮನೆಗೆ ಹೋದಾಗ ಸ್ವಲ್ಪ ಹತ್ತಿರ ನಿಂತು ನೋಡಿ. ಗಂಡ ಹೆಂಡತಿ ಅಕ್ಕಪಕ್ಕ ಕುಳಿತ ಒಂದು ಪಟ ಇದ್ದೇ ಇರುತ್ತದೆ. ಗಂಡನ ಮುಖಕ್ಕೆ ಎಡಗಡೆಯಿಂದ ಬೆಳಕು ಬಿದ್ದಿದ್ದರೆ ಹೆಂಡತಿಯ ಮುಖಕ್ಕೆ ಬಲಗಡೆಯಿಂದ. ಗಂಡನಿಗೆ ಮೂವತ್ತು ವರ್ಷವಾದರೆ ಹೆಂಡತಿಗೆ ಐವತ್ತೈದು. ಇಬ್ಬರೂ ಒಟ್ಟಿಗೆ ಒಂದು ದಿನವೂ ಕ್ಯಾಮೆರಾದ ಎದುರು ಕುಳಿತವರಲ್ಲ. ಬ್ಲೇಡು, ಗೋಂದು, ಕುಂಚ ಹಿಡಿದ ಸ್ಟುಡಿಯೋದವರೊಬ್ಬರು ಅವರು ತೀರಿಕೊಂಡ ಮೇಲೆ ಅವರನ್ನು ಜೊತೆಗೆ ಕೂರಿಸಿದರು. ಕಂಪ್ಯೂಟರ್ ಬಂದ ಮೇಲೆ ಫೋಟೋಗಳು ಸುಳ್ಳು ಹೇಳಲು ಕಲಿತವು ಎಂದು ಯಾರಾದರೂ ಹೇಳುವಾಗಲೆಲ್ಲ ನನಗೆ ಈ ಜೋಡಿಗಳ ನೆನಪಾಗುತ್ತದೆ.

ಈ ಶತಮಾನದ ಮೊದಲ ವರ್ಷಗಳಲ್ಲಿ ನಾನು ಮಣಿಪಾಲದಲ್ಲಿ ವಿನ್ಯಾಸದ ವಿದ್ಯಾರ್ಥಿನಿಯಾಗಿದ್ದೆ. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಫೋಟೋಶಾಪ್ ಎಂಬ ತಂತ್ರಾಂಶವನ್ನು ನಾನು ಮೊದಲು ಕಂಡದ್ದು ಅಲ್ಲಿಯ ಪ್ರಯೋಗಾಲಯದಲ್ಲಿ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಥಾಮಸ್ ನೋಲ್ ಎಂಬವರು 1987ರಲ್ಲಿ ಅದನ್ನು ಬರೆಯತೊಡಗಿದರು. ಚಲನಚಿತ್ರಗಳ ದೃಶ್ಯ ಚಮತ್ಕಾರದ ಕೆಲಸದಲ್ಲಿದ್ದ ತಮ್ಮ ಜಾನ್ ನೋಲ್ ಜೊತೆಗೂಡಿದರು. 1990ರ ಫೆಬ್ರವರಿಯಲ್ಲಿ ಅಡೋಬಿ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. ಆದರೆ ಚಿತ್ರವೊಂದು ಕಂಪ್ಯೂಟರಿನ ಹೊಟ್ಟೆಗೆ ಹೋದದ್ದು ಅದಕ್ಕಿಂತ ಎಷ್ಟೋ ಮೊದಲು. 1957ರಲ್ಲಿ, ಅಂದರೆ ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾದ ವರ್ಷದಲ್ಲೇ, ರಸೆಲ್ ಕಿರ್ಶ್ ಎಂಬ ಅಮೆರಿಕದ ಎಂಜಿನಿಯರ್ ತನ್ನ ಎಳೆಯ ಮಗನ ಫೋಟೋವನ್ನು ಚುಕ್ಕಿಗಳಾಗಿ ಒಡೆದು ಯಂತ್ರಕ್ಕೆ ಉಣಿಸಿದರು. ಉದ್ದಕ್ಕೆ 176 ಚುಕ್ಕಿ, ಅಗಲಕ್ಕೆ 176 ಚುಕ್ಕಿ. ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ನಮಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವೇನಲ್ಲ. ಚುಕ್ಕಿ ಹೆಚ್ಚಾದಷ್ಟೂ ಚಿತ್ರ ನಯವಾಗುತ್ತದೆ, ಅಷ್ಟೆ.

ನಮಗೆ ಕೊಟ್ಟ ಮೊದಲ ದೊಡ್ಡ ಅಭ್ಯಾಸ ಎರಡು ಫೋಟೋಗಳನ್ನು ಒಂದು ಮಾಡುವುದು. ಒಂದರಲ್ಲಿ 1901ರಲ್ಲಿ ಕಟ್ಟಿದ ನಮ್ಮ ಕಾಪುವಿನ ದೀಪಸ್ತಂಭ. ಇನ್ನೊಂದರಲ್ಲಿ 1432ರಲ್ಲಿ ವೀರಪಾಂಡ್ಯ ಕಾರ್ಕಳದ ಬೆಟ್ಟದ ಮೇಲೆ ನಿಲ್ಲಿಸಿದ ಗೊಮ್ಮಟ. ಗೊಮ್ಮಟನನ್ನು ಕಾಪುವಿನ ಬಂಡೆಯ ಮೇಲೆ ತಂದು ನಿಲ್ಲಿಸಬೇಕು, ನೋಡಿದವರು ನಂಬಬೇಕು! ಕತ್ತರಿಸಿ ಅಂಟಿಸುವುದು ಹತ್ತು ನಿಮಿಷದ ಕೆಲಸ. ನಂಬಿಸುವುದಕ್ಕೆ ಒಂದು ವಾರ ಬೇಕಾಯಿತು. ಕಾಪುವಿನಲ್ಲಿ ಸಂಜೆಯ ಸೂರ್ಯ ಕಡಲಿನ ಕಡೆಗಿರುತ್ತಾನೆ, ಹಾಗಾದರೆ ಗೊಮ್ಮಟನ ನೆರಳು ಯಾವ ಕಡೆಗೆ ಚಾಚಬೇಕು? ಗೊಮ್ಮಟ ಸುಮಾರು 42 ಅಡಿ. ದೀಪಸ್ತಂಭ ಅದರ ಎರಡು ಪಾಲಿಗೂ ಮಿಕ್ಕಿ ಎತ್ತರ. ನಮ್ಮ ಮನಸ್ಸಿನಲ್ಲಿ ಮಾತ್ರ ಗೊಮ್ಮಟನೇ ದೊಡ್ಡವನು. ಕಡಲ ಗಾಳಿಯ ಮಂಜು ಒಂದು ಚಿತ್ರದಲ್ಲಿದ್ದರೆ ಬೆಟ್ಟದ ಒಣ ಬಿಸಿಲು ಇನ್ನೊಂದರಲ್ಲಿ. ಹೀಗೆ ಬೆಳಕು, ನೆರಳು, ಅಳತೆ, ದೂರ ಎಲ್ಲವನ್ನೂ ಒಪ್ಪಿಸಿಕೊಂಡು ಬರುವಾಗ, ಎರಡು ಮನೆಯವರನ್ನು ಒಂದು ಮದುವೆಯ ಚಪ್ಪರದಲ್ಲಿ ಹೊಂದಿಸಿದಷ್ಟು ದಣಿವು.

ಈ ಕೆಲಸಕ್ಕೆ ಮುಖ್ಯ ಆಧಾರ ಪದರಗಳು. 1994ರಲ್ಲಿ ಬಂದ ಫೋಟೋಶಾಪಿನ ಮೂರನೆಯ ಆವೃತ್ತಿಯಲ್ಲಿ ಇವು ಮೊದಲು ಕಾಣಿಸಿಕೊಂಡವು. ಅದಕ್ಕೆ ಮುಂಚೆ ಒಂದರ ಮೇಲೊಂದು ಅಂಟಿಸಿದರೆ ಅಡಿಯದ್ದು ಅಳಿಸಿಹೋಗುತ್ತಿತ್ತು. ಪದರವೆಂದರೇನು ಎಂದು ಕೇಳಿದ ನನ್ನ ಅಮ್ಮನಿಗೆ ನಾನು ಉಡುಪಿಯ ಕೃಷ್ಣನನ್ನು ತೋರಿಸಿ ಹೇಳಿದೆ. ನವರಾತ್ರಿಯಲ್ಲಿ ಕೃಷ್ಣನಿಗೆ ಸೀರೆ ಉಡಿಸಿ ದೇವಿಯ ಅಲಂಕಾರ ಮಾಡುತ್ತಾರಲ್ಲ, ಅಲಂಕಾರ ತೆಗೆದರೆ ಒಳಗೆ ಅದೇ ಕಡೆಗೋಲು ಹಿಡಿದ ಬಾಲಕೃಷ್ಣ. ಪದರವೂ ಹಾಗೆಯೇ. ಹಾಕಬಹುದು, ತೆಗೆಯಬಹುದು, ಮೂಲಬಿಂಬಕ್ಕೆ ಏನೂ ಆಗುವುದಿಲ್ಲ. ಅಮ್ಮನಿಗೆ ಕೂಡಲೇ ಅರ್ಥವಾಯಿತು.

ಹೊಸ ವಿದ್ಯೆ ಎಂದುಕೊಂಡು ಕಲಿಯುತ್ತಿದ್ದ ನನಗೆ ಅದರ ಹಳೆಯ ಮುಖ ಕಂಡದ್ದು ಉಡುಪಿಯ ಒಂದು ಸ್ಟುಡಿಯೋದಲ್ಲಿ. ಅಲ್ಲಿ ನಲವತ್ತು ವರ್ಷ ಟಚಿಂಗ್ ಮಾಡಿದ ಹಿರಿಯರೊಬ್ಬರಿದ್ದರು. ನೆಗೆಟಿವ್‌ನಲ್ಲಿ ಮುಖದ ಸುಕ್ಕು ಕಪ್ಪಾಗಿರುವುದಿಲ್ಲ, ತೆಳ್ಳಗೆ ತಿಳಿಯಾಗಿರುತ್ತದೆ. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಅಲ್ಲಿ ಹಗುರವಾಗಿ ಗೀಚಿದರೆ ಪ್ರಿಂಟಿನಲ್ಲಿ ಸುಕ್ಕು ಮಾಯ. ಬೇಡದ್ದನ್ನು ಬ್ಲೇಡಿನ ತುದಿಯಿಂದ ಕೆರೆಯುವುದು, ಜೋಡಿಸಿದ ಅಂಚಿಗೆ ಬಣ್ಣ ಹಚ್ಚಿ ಮತ್ತೊಮ್ಮೆ ಫೋಟೋ ತೆಗೆಯುವುದು, ಎಲ್ಲವನ್ನೂ ಅವರು ಕೈಯಲ್ಲೇ ಮಾಡಿದ್ದರು. ಕತ್ತಲೆಕೋಣೆಯಲ್ಲಿ ಕಾಗದದ ಮೇಲೆ ಬೀಳುವ ಬೆಳಕಿಗೆ ಕಡ್ಡಿಗೆ ಅಂಟಿಸಿದ ರಟ್ಟಿನ ಬಿಲ್ಲೆ ಅಡ್ಡ ಹಿಡಿದರೆ ಆ ಭಾಗ ಬೆಳ್ಳಗಾಗುತ್ತದೆ; ಅಂಗೈ ಬಾಗಿಸಿ ಸಂದಿಯಿಂದ ಹೆಚ್ಚು ಬೆಳಕು ಬಿಟ್ಟರೆ ಕಪ್ಪಾಗುತ್ತದೆ. ಫೋಟೋಶಾಪಿನ ‘ಡಾಡ್ಜ್’ ಮತ್ತು ‘ಬರ್ನ್’ ಎಂಬ ಉಪಕರಣಗಳ ಗುರುತುಗಳಲ್ಲಿ ಆ ಬಿಲ್ಲೆಯೂ ಆ ಬಾಗಿದ ಕೈಯೂ ಈಗಲೂ ಇವೆ. ಅವನ್ನು ನಾನು ದಿನಾ ಒತ್ತುತ್ತಿದ್ದೆ. ಅದು ಯಾರ ಕೈ ಎಂದು ತಿಳಿದದ್ದು ಮಾತ್ರ ಆ ಹಿರಿಯರ ಮುಂದೆ ಕುಳಿತಾಗ.

“ಹೆಚ್ಚು ಬಂದದ್ದು ಯಾವ ಕೆಲಸ?” ಎಂದು ಕೇಳಿದೆ. “ಹುಡುಗಿಯರ ಫೋಟೋ, ಮತ್ತೆಂತ!” ಎಂದು ನಕ್ಕರು. ಗಂಡಿನ ಕಡೆಗೆ ಕಳುಹಿಸುವ ಫೋಟೋ. ಒಂದು ಸುತ್ತು ಬೆಳ್ಳಗೆ ಮಾಡಿ ಎಂದು ಹುಡುಗಿಯ ಅಪ್ಪನೇ ಹೇಳಿ ಹೋಗುತ್ತಿದ್ದರಂತೆ. 1994ರ ಜೂನ್‌ನಲ್ಲಿ ‘ಟೈಮ್’ ಪತ್ರಿಕೆ ಕೊಲೆ ಆರೋಪಿಯಾಗಿದ್ದ ಆಟಗಾರ ಓ. ಜೆ. ಸಿಂಪ್ಸನ್‌ನ ಮುಖವನ್ನು ಮುಖಪುಟದಲ್ಲಿ ಕಪ್ಪಾಗಿಸಿ ಅಚ್ಚು ಹಾಕಿದಾಗ ದೊಡ್ಡ ಗದ್ದಲವಾಯಿತು. ತೀರ್ಪು ಬರುವ ಮೊದಲೇ ಅವನನ್ನು ಅಪರಾಧಿಯಂತೆ ತೋರಿಸಿದರೆಂದು ಜನ ಸಿಟ್ಟಾದರು. ನಮ್ಮ ಊರುಗಳಲ್ಲಿ ಎಷ್ಟೋ ಹುಡುಗಿಯರ ಮುಖವನ್ನು ಬೆಳ್ಳಗಾಗಿಸಿದ್ದಕ್ಕೆ ಗದ್ದಲವಾಗಲಿಲ್ಲ. ಕಪ್ಪಾಗಿರುವುದೇ ಒಂದು ಅಪರಾಧವೆಂದು ಮೊದಲೇ ತೀರ್ಪಾಗಿತ್ತಲ್ಲ!

ಚಿತ್ರ ಜೋಡಿಸುವ ಕಲೆಗೆ ಒಂದೂವರೆ ಶತಮಾನಕ್ಕೂ ಹೆಚ್ಚಿನ ವಯಸ್ಸು. 1857ರಲ್ಲಿ ಆಸ್ಕರ್ ರೈಲಾಂಡರ್ ಎಂಬಾತ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ದೊಡ್ಡ ಚಿತ್ರ ಮಾಡಿದ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರದರ್ಶನದಲ್ಲಿ ಅದನ್ನಿಟ್ಟಾಗ ಹೊಗಳಿದವರಷ್ಟೇ ಬೈದವರೂ ಇದ್ದರು. ವಿಕ್ಟೋರಿಯಾ ರಾಣಿ ಒಂದು ಪ್ರತಿಯನ್ನು ಕೊಂಡಳು. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್‌ಗಳಿಂದ, ಸಾವಿನಂಚಿನಲ್ಲಿರುವ ಹುಡುಗಿಯೊಬ್ಬಳ ಸುತ್ತ ಮನೆಯವರು ನಿಂತ ಚಿತ್ರ ಮಾಡಿದ. ಇಷ್ಟು ನೋವಿನ ಗಳಿಗೆಯನ್ನು ಫೋಟೋ ಮಾಡಬಹುದೇ ಎಂದು ಜನ ನೊಂದುಕೊಂಡರು. ನಮ್ಮ ದೇಶದ ಹೆಂಗಸರ ಮಟ್ಟಿಗೆ ಫೋಟೋದ ಚರಿತ್ರೆ ಬಹಳ ಕಾಲ ಪರದೆಯ ಹಿಂದಿನ ಚರಿತ್ರೆಯೇ. 1892ರಲ್ಲಿ ಹೈದರಾಬಾದಿನಲ್ಲಿ ಲಾಲಾ ದೀನ್ ದಯಾಳ್ ಹೆಂಗಸರಿಗೆಂದೇ ಪ್ರತ್ಯೇಕ ಸ್ಟುಡಿಯೋ ತೆರೆದಾಗ ಅಲ್ಲಿ ಫೋಟೋ ತೆಗೆಯಲು ಒಬ್ಬ ಹೆಂಗಸನ್ನೇ ನೇಮಿಸಬೇಕಾಯಿತು. ಅದೂ ಶ್ರೀಮಂತ ಮನೆತನಗಳಿಗೆ. ಉಳಿದವರಿಗೆ ಮದುವೆಗೊಂದು, ಮುಂಜಿಗೊಂದು ಗುಂಪು ಫೋಟೋ ಸಿಕ್ಕಿದರೆ ಪುಣ್ಯ. ಆ ಗುಂಪಿನಲ್ಲಿಯೂ ಎಲ್ಲರಿಗೂ ಜಾಗ ಇರಲಿಲ್ಲ.

ಇದನ್ನು ನಾನು ಕಂಡದ್ದು ನಮ್ಮ ಮನೆಯ ಪಟದಲ್ಲೇ. ಕಾಪುವಿನಲ್ಲಿ ದೊಡ್ಡಪ್ಪ ಹೊಸ ಮನೆ ಕಟ್ಟಿಸುತ್ತಿದ್ದರು. ಒಂದು ದಿನ ಎರಡು ಫೋಟೋ ಕೊಟ್ಟರು. ಒಂದು ನನ್ನ ಮುತ್ತಜ್ಜನದು. ಮುಂಡಾಸು, ಕೋಟು, ಕುರ್ಚಿಯ ಮೇಲೆ ಕೈ. ಇನ್ನೊಂದು 1948ರಲ್ಲಿ ನಡೆದ ದೊಡ್ಡಪ್ಪನ ಮುಂಜಿಯ ಗುಂಪು ಫೋಟೋ. ನಡುವೆ ದಂಡ ಹಿಡಿದ ವಟು, ಅಂದರೆ ದೊಡ್ಡಪ್ಪನೇ. ಹಿಂದೆ ಚಾವಡಿಯ ಮರದ ಕಂಬ. ಕಂಬದ ಆಚೆ ಅರ್ಧ ಮುಖ, ತಲೆಯ ಮೇಲೆ ಸೆರಗು. ಅದು ನನ್ನ ಮುತ್ತಜ್ಜಿ. ಅವರದ್ದೆಂದು ಇರುವುದು ಆ ಅರ್ಧ ಮುಖ ಮಾತ್ರ. ಕಾರ್ಕಳದ ಕಡೆಯಿಂದ ಸೊಸೆಯಾಗಿ ಬಂದವರು, ಇಪ್ಪತ್ತರ ಆಸುಪಾಸಿನಲ್ಲಿ ಗಂಡನನ್ನು ಕಳೆದುಕೊಂಡವರು. ಆಮೇಲಿನದ್ದನ್ನು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಗಳಕಾರ್ಯದ ಫೋಟೋದಲ್ಲಿ ಅವರು ಎದುರು ನಿಲ್ಲುವಂತಿರಲಿಲ್ಲ.

“ನನ್ನನ್ನು ಸಾಕಿದ್ದು ಅಜ್ಜಿ. ಅವರನ್ನು ಅಜ್ಜನ ಹತ್ತಿರ ಕೂರಿಸು ಮಗಾ. ತಲೆಗೂದಲು, ಕುಂಕುಮ, ಮೂಗುತಿ ಎಲ್ಲ ಹಾಕು. ನಿಮ್ಮ ಕಂಪ್ಯೂಟರಿನಲ್ಲಿ ಆಗುತ್ತದಂತಲ್ಲ?” ಎಂದರು ದೊಡ್ಡಪ್ಪ. ಆಗುತ್ತಿತ್ತು.

ದೊಡ್ಡಮ್ಮನಿಗೂ ಅದೇ ಇಷ್ಟ. “ಆಗ ಕಿತ್ತುಕೊಂಡದ್ದನ್ನು ಈಗ ಕೊಟ್ಟರೆ ಎಂತ ತಪ್ಪು?” ಎಂದರು. ಕಾರ್ಕಳದಲ್ಲಿರುವ ಅತ್ತೆ, ದೊಡ್ಡಪ್ಪನ ತಂಗಿ, ಒಪ್ಪಲಿಲ್ಲ. “ಕಂಬ ತೆಗೆದರೆ ಅಜ್ಜಿಯನ್ನು ಅಲ್ಲಿ ನಿಲ್ಲಿಸಿದ್ದು ಯಾರು ಎಂದು ನಾಳೆ ಯಾವ ಮಕ್ಕಳೂ ಕೇಳುವುದಿಲ್ಲ. ಎಲ್ಲ ಚಂದ ಇತ್ತು ಅಂತ ಆಗುತ್ತದೆ.” ಇಬ್ಬರ ಮಾತೂ ಪ್ರೀತಿಯದೇ. ಹಿರಿಯಡ್ಕ, ಪರ್ಕಳದ ದಾರಿಯಾಗಿ ಕಾರ್ಕಳದಿಂದ ಮಣಿಪಾಲಕ್ಕೆ ಬರುವ ಬಸ್ಸಿನಲ್ಲಿ ಕುಳಿತು ಎರಡನ್ನೂ ತೂಗಿದೆ. ತಕ್ಕಡಿ ಯಾವ ಕಡೆಗೂ ವಾಲಲಿಲ್ಲ.

ಕೆಲಸಕ್ಕೆ ಕುಳಿತಾಗ ಪ್ರಶ್ನೆಗಳು ಇನ್ನೂ ಹತ್ತಿರ ಬಂದವು. ಕಂಬದ ಹಿಂದಿನ ಅರ್ಧ ಮುಖವನ್ನು ತರುವುದು ಎಲ್ಲಿಂದ? ಕಾಣುವ ಅರ್ಧವನ್ನು ಕನ್ನಡಿಯಂತೆ ತಿರುಗಿಸಿ ಜೋಡಿಸಬಹುದು. ಆದರೆ ಯಾರ ಮುಖದ ಎರಡು ಪಕ್ಕವೂ ಒಂದೇ ಸಮ ಇರುವುದಿಲ್ಲ. ಬಂದವರು ಬೇರೆ ಯಾರೋ ಆಗಿದ್ದರು. ಕೂದಲನ್ನು ದೊಡ್ಡಮ್ಮನ ಹಳೆಯ ಫೋಟೋದಿಂದ ತೆಗೆದೆ. ಕುಂಕುಮಕ್ಕೆ ಕೆಂಪು ಬೇಕಾಗಲಿಲ್ಲ. ಆ ಕಾಲದ ಎಷ್ಟೋ ಫಿಲ್ಮುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಕುಂಕುಮ ಕಪ್ಪು ಚುಕ್ಕಿಯಾಗಿಯೇ ಬೀಳುತ್ತಿತ್ತು. ಮುತ್ತಜ್ಜಿಯ ಕೆಂಪು ಸೀರೆಯೂ ಮೂಲ ಫೋಟೋದಲ್ಲಿ ಕಪ್ಪೇ. ಒಂದೊಂದಕ್ಕೂ ಒಂದೊಂದು ಪದರ ಮಾಡಿದೆ.

ದೊಡ್ಡಪ್ಪನನ್ನು ಮಣಿಪಾಲಕ್ಕೆ ಕರೆದು ಪರದೆಯ ಎದುರು ಕೂರಿಸಿದೆ. ಪೂರ್ತಿ ಚಿತ್ರ ನೋಡಿ ಅವರಿಗೆ ಸಂತೋಷವಾಯಿತು. ಆಮೇಲೆ, ಹೇಗೆ ಮಾಡಿದೆ ಎಂದು ಕೇಳಿದರು. ಪದರಗಳನ್ನು ಒಂದೊಂದಾಗಿ ತೆಗೆದು ತೋರಿಸಿದೆ. ಮೊದಲು ಮೂಗುತಿ, ಆಮೇಲೆ ಕುಂಕುಮ, ಆಮೇಲೆ ಕೂದಲು. ಕಡೆಗೆ ಉಳಿದದ್ದು ಮುಂಜಿಯ ಫೋಟೋ. ಹೆಚ್ಚು ಚುಕ್ಕಿಗಳಲ್ಲಿ ಸ್ಕ್ಯಾನ್ ಮಾಡಿದ್ದರಿಂದ ಹೆಬ್ಬೆರಳಿನಷ್ಟಿದ್ದ ಮುಖ ಪರದೆಯ ತುಂಬ ಬಂತು. ಐವತ್ತು ವರ್ಷ ಯಾರೂ ಕಾಣದ ಒಂದು ಸಂಗತಿ ಆಗ ಕಂಡಿತು. ಉಳಿದವರೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ; ಕಂಬದ ಪಕ್ಕದ ಆ ಒಂದು ಕಣ್ಣು ಮಾತ್ರ ಕೆಳಗೆ, ವಟುವಿನ ಕಡೆಗಿದೆ. ನಾನು ಜೋಡಿಸಿದ ಚಿತ್ರದಲ್ಲಿ ಅದೇ ನೋಟ ಕುರ್ಚಿಯ ಕೈಯ ಮೇಲೆ ಬಿದ್ದಿತ್ತು.

ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದೇ ಇರಲಿ” ಎಂದರು. ನಾನು ಧೂಳಿನ ಕಲೆ ತೆಗೆದೆ. ಆ ಬಿಲ್ಲೆಯ ಉಪಕರಣದಿಂದ ಮುಖಕ್ಕೆ ಸ್ವಲ್ಪ ಬೆಳಕು ಕೊಟ್ಟೆ. ಕಂಬವನ್ನು ಮುಟ್ಟಲಿಲ್ಲ. ಹೊಸ ಮನೆಯ ಚಾವಡಿಯಲ್ಲಿ ಈಗ ಮುತ್ತಜ್ಜನ ಪಟದ ಪಕ್ಕದಲ್ಲಿ ಅದು ಬೇರೆಯದೇ ಚೌಕಟ್ಟಿನಲ್ಲಿದೆ. ಬಂದವರು ಇದು ಯಾರು, ಹೀಗೇಕೆ ನಿಂತಿದ್ದಾರೆ ಎಂದು ಕೇಳುತ್ತಾರೆ. ಅತ್ತೆ ಬಯಸಿದ್ದೂ ಅದನ್ನೇ.

ಹಾಗೆಂದು ಜೋಡಿಸಿದ ಪಟಗಳೆಲ್ಲ ಮೋಸ ಎಂದು ನಾನು ಹೇಳುವುದಿಲ್ಲ. ಸತ್ತ ಗಂಡನ ಪಕ್ಕ ತನ್ನ ಮುಖ ಕಾಣಬೇಕೆಂದು ಬಯಸಿದ ಹೆಂಗಸಿಗೆ ಬ್ಲೇಡು, ಗೋಂದಿನವರು ಮಾಡಿಕೊಟ್ಟದ್ದು ದೊಡ್ಡ ಉಪಕಾರ. ಅದು ಜೋಡಿಸಿದ್ದು ಎಂದು ಮನೆಯವರಿಗೆಲ್ಲ ಗೊತ್ತಿತ್ತು. ತೊಂದರೆ ಬರುವುದು ಗೊತ್ತಿದ್ದವರು ಹೋದ ಮೇಲೆ. 1982ರ ಫೆಬ್ರವರಿಯಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ಮುಖಪುಟಕ್ಕೆ ಹೊಂದಲೆಂದು ಈಜಿಪ್ಟಿನ ಪಿರಮಿಡ್ಡುಗಳನ್ನೇ ಕಂಪ್ಯೂಟರಿನಲ್ಲಿ ಹತ್ತಿರಕ್ಕೆ ಸರಿಸಿತ್ತು. ಪಿರಮಿಡ್ಡು ಅಲ್ಲೇ ಇದೆ, ಹೋಗಿ ನೋಡಿ ಪರೀಕ್ಷಿಸಬಹುದು. ನಮ್ಮ ಮುತ್ತಜ್ಜಿಯರನ್ನು ಹೋಗಿ ನೋಡುವುದು ಎಲ್ಲಿ?

ಫೋಟೋಶಾಪಿನಲ್ಲಿ 1998ರಿಂದ ‘ಹಿಸ್ಟರಿ’ ಎಂಬ ಒಂದು ಪಟ್ಟಿಯೂ ಇದೆ. ನಾವು ಮಾಡಿದ ಒಂದೊಂದು ಕೆಲಸವನ್ನೂ ಅದು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಬೇಕಾದರೆ ಹಿಂದಕ್ಕೆ ಹೋಗಬಹುದು. ಆದರೆ ಕಡತ ಮುಚ್ಚಿದೊಡನೆ ಆ ಚರಿತ್ರೆ ಅಳಿಸಿಹೋಗುತ್ತದೆ. 2023ರಿಂದ ಕೃತಕ ಬುದ್ಧಿಮತ್ತೆಯೂ ಅದೇ ತಂತ್ರಾಂಶದೊಳಗೆ ಬಂದು ಕುಳಿತಿದೆ. ಕಂಬ ತೆಗೆದು ಉಳಿದ ಅರ್ಧ ಮುಖವನ್ನು ತುಂಬು ಎಂದರೆ ಕ್ಷಣದಲ್ಲಿ ತುಂಬುತ್ತದೆ. ನಾನು ವಾರಗಟ್ಟಲೆ ಕೂತು ಕೇಳಿಕೊಂಡ ಪ್ರಶ್ನೆಗಳನ್ನು ಕೇಳಿಕೊಳ್ಳಲು ಅದು ಯಾರಿಗೂ ಪುರುಸೊತ್ತು ಕೊಡುವುದಿಲ್ಲ.

ಆದ್ದರಿಂದ ನನ್ನದೊಂದು ಸಣ್ಣ ಕೋರಿಕೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ, ಗೋದ್ರೇಜಿನ ಲಾಕರಿನಲ್ಲಿ, ಸೀರೆಗಳ ಅಡಿಯಲ್ಲಿ ಹಳೆಯ ಫೋಟೋಗಳಿರುತ್ತವೆ. ಅವನ್ನು ಚಂದ ಮಾಡಿಸಿ, ಬಣ್ಣ ಹಾಕಿಸಿ, ಜೋಡಿಸಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಹಿರಿಯರು ಇರುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ, ಹಿಂಬದಿಯಲ್ಲಿ ಮೆತ್ತಗಿನ ಪೆನ್ಸಿಲಿನಿಂದ ಹಗುರವಾಗಿ ಬರೆದಿಡಿ. ಶಾಯಿ ಬೇಡ, ಅದು ಮುಂಬದಿಗೆ ಇಳಿಯುತ್ತದೆ. ಹೊಸದರ ಹಿಂದೆಯೂ ಏನನ್ನು ಸೇರಿಸಿದೆವು, ಏನನ್ನು ತೆಗೆದೆವು ಎಂದು ಒಂದು ಸಾಲು ಬರೆಯಿರಿ. ಹಳೆಯದನ್ನು ಮಾತ್ರ ಎಸೆಯಬೇಡಿ. ಅಂಚಿನಲ್ಲಿ, ಬಾಗಿಲ ಸಂದಿಯಲ್ಲಿ, ಕಂಬದ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಇನ್ನೊಮ್ಮೆ ನೋಡಿ.