ಹರಡಿನ ಮೃದ್ವಸ್ಥಿಗೆ ರಕ್ತಜನ್ಯ ಚಿಕಿತ್ಸೆ: ಇತಿಹಾಸ

ಕಾಲಿನ ಹರಡಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ಪೆಟ್ಟಾದಾಗ ರೋಗಿಯದೇ ರಕ್ತದಿಂದ ಪ್ಲೇಟ್‌ಲೆಟ್‌ಗಳನ್ನು ಬೇರ್ಪಡಿಸಿ ಕೀಲಿಗೆ ಚುಚ್ಚುವ ವಿಧಾನವಿದು. ಪಿಆರ್‌ಪಿ (ಪ್ಲೇಟ್‌ಲೆಟ್ ಭರಿತ ಪ್ಲಾಸ್ಮಾ) ಎಂದೇ ಪರಿಚಿತ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ಅದರ ಗಾಯ ತಾನಾಗಿ ಮಾಯುವುದು ಅಪರೂಪ. ಹಾಳಾದ ಮೃದ್ವಸ್ಥಿ ಮರಳಿ ಬಾರದೆಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ.

ಹರಡಿನ ಈ ಗಾಯವನ್ನು 1922ರಲ್ಲಿ ಜರ್ಮನಿಯ ಕಾಪಿಸ್ ವರ್ಣಿಸಿದ. 1959ರಲ್ಲಿ ಬರ್ನ್ಟ್ ಮತ್ತು ಹಾರ್ಟಿ ಶವಗಳ ಕಾಲನ್ನು ತಿರುಚಿ ನೋಡಿ, ಉಳುಕಿದಾಗ ಹರಡಿನ ಟೇಲಸ್ ಎಂಬ ಮೂಳೆಯ ಚೂರು ಮೃದ್ವಸ್ಥಿಯೊಂದಿಗೆ ಸಿಡಿಯುವುದನ್ನು ತೋರಿಸಿದರು. ಅವರು ಮಾಡಿದ ನಾಲ್ಕು ಹಂತಗಳ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ರಕ್ತವನ್ನು ಮದ್ದಾಗಿಸಿದ್ದು ಪಿಆರ್‌ಪಿಯೇ ಮೊದಲಲ್ಲ. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ ಮೂಳೆಗೆ ಸಣ್ಣ ತೂತು ಕೊರೆದು ಮಜ್ಜೆಯ ರಕ್ತ ಗಾಯದ ಮೇಲೆ ಹೆಪ್ಪುಗಟ್ಟುವಂತೆ ಮಾಡಿದ. ಅಲ್ಲಿ ಬೆಳೆಯುವುದು ನಾರಿನಂಥ ಮೃದ್ವಸ್ಥಿ, ಮೂಲದಷ್ಟು ಗಟ್ಟಿಯಲ್ಲ.

ಪಿಆರ್‌ಪಿಯನ್ನು 1998ರಲ್ಲಿ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ದವಡೆಯ ಮೂಳೆಗೆ ಬಳಸಿದ. 2009ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಹೈನ್ಸ್ ವಾರ್ಡ್ ಮಂಡಿಗೆ ಹಾಕಿಸಿಕೊಂಡದ್ದೇ ತಡ, ಸಾಕ್ಷ್ಯಕ್ಕಿಂತ ಮೊದಲು ಪ್ರಸಿದ್ಧಿ ಓಡಿತು. ಮನೆಮನೆಯ ಸಾರಿನ ರುಚಿ ಬೇರೆ ಇರುವಂತೆ, ಯಂತ್ರ ಬದಲಾದರೆ ಪ್ಲೇಟ್‌ಲೆಟ್‌ಗಳ ಸಾಂದ್ರತೆಯೂ ಬದಲು; ಅಧ್ಯಯನಗಳನ್ನು ಹೋಲಿಸುವುದೇ ಕಷ್ಟ.

ಇಸ್ರೇಲಿನ ಮೈ-ಡಾನ್ ತಂಡದ 2012ರ ಚಿಕ್ಕ ಪ್ರಯೋಗದಲ್ಲಿ ಟೇಲಸ್ ಗಾಯಕ್ಕೆ, ಕೀಲಿಗೆ ಚುಚ್ಚುವ ಇನ್ನೊಂದು ಮದ್ದಾದ ಹಯಲುರಾನಿಕ್ ಆಮ್ಲಕ್ಕಿಂತ ಪಿಆರ್‌ಪಿ ಹೆಚ್ಚು ಹಿತ ಕೊಟ್ಟಿತು. ಆದರೆ 2021ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನದಲ್ಲಿ ಹರಡಿನ ಸವೆತವಿದ್ದ 100 ಮಂದಿಗೆ ಪಿಆರ್‌ಪಿ ಅಥವಾ ಬರೀ ಉಪ್ಪುನೀರು ಚುಚ್ಚಿದಾಗ, 26 ವಾರಗಳ ಬಳಿಕ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಹಳೆಯ ಸವೆತವೂ ಹೊಸ ಗಾಯವೂ ಒಂದೇ ಅಲ್ಲವೆಂಬುದು ನಿಜ. ಆದರೂ ಇದು ಜಾಹೀರಾತಿನ ಉತ್ಸಾಹವನ್ನು ತಗ್ಗಿಸಬೇಕಾದ ಫಲಿತಾಂಶ.

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಂಥ ಊರಲ್ಲಿ ಕಬಡ್ಡಿ ಆಡುತ್ತಲೋ ಹೊಲದ ಬದುವಿನಲ್ಲೋ ಕಾಲು ಉಳುಕಿದರೆ ಮೊದಲು ಎಣ್ಣೆ ತಿಕ್ಕುವುದೇ ರೂಢಿ. ತಿಂಗಳುಗಟ್ಟಲೆ ನೋವು ಉಳಿದರೆ ಎಂಆರ್‌ಐ ಬೇಕಾಗುತ್ತದೆ, ಎಕ್ಸ್‌ರೇಗೆ ಈ ಗಾಯ ಎಷ್ಟೋ ಸಲ ಕಾಣುವುದಿಲ್ಲ. ಇಂಥ ತಪಾಸಣೆಗೆ ಈ ಸೀಮೆಯವರು ಹೋಗುವುದು 1965ರಿಂದ ವೈದ್ಯಕೀಯ ಕಾಲೇಜಿರುವ ದಾವಣಗೆರೆಗೆ. ಪಿಆರ್‌ಪಿಯಲ್ಲದ ಇನ್ನೊಂದು ದಾರಿಯಾದ, ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಮಜ್ಜೆಯ ಕಾಂಡಕೋಶ ಔಷಧಕ್ಕೆ 2022ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು ಮಂಡಿಯ ಸವೆತಕ್ಕೆ, ಹರಡಿಗಲ್ಲ.