ಮಣ್ಣಿನ ಲೆಕ್ಕ

ಪಾವಗಡದ ಹೊಲಗಳಲ್ಲಿ ಕಡಲೆಕಾಯಿ ಕೀಳುವಾಗ ಗಿಡ ಬೇರುಸಮೇತ ಬರುತ್ತದೆ. ಕಾಯಿ ಮಾರುಕಟ್ಟೆಗೆ, ಬಳ್ಳಿ ದನಗಳ ಮೇವಿಗೆ. ಮಣ್ಣಿಗೆ ಹಿಂದಿರುಗುವುದು ಅತ್ಯಲ್ಪ. ಹೀಗೆ ಕಳೆದುಹೋದ ಸತ್ವವನ್ನು ಅಳೆಯುವುದು ಹೇಗೆ?

ಮೊದಲ ಅಳತೆಗೋಲು ರೈತನ ಕಣ್ಣು ಮತ್ತು ಕೈ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಶಿರಾ, ಮಧುಗಿರಿಗಳಿಗೂ ಬಂದಿದ್ದ. ಎರೆ, ಕೆಬ್ಬೆ, ಮರಳು ಎಂಬ ರೈತರ ವಿಂಗಡಣೆಯನ್ನು ಆತ ದಾಖಲಿಸಿದ. 1807ರಲ್ಲಿ ಆ ಪ್ರವಾಸ ಕಥನ ಅಚ್ಚಾಯಿತು.

ಪ್ರಯೋಗಾಲಯ ಬಂದದ್ದು ಸುಮಾರು ಒಂದು ಶತಮಾನದ ನಂತರ. 1899ರಲ್ಲಿ ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಅವರು ಹೆಬ್ಬಾಳದಲ್ಲಿ 30 ಎಕರೆ ಭೂಮಿ ನೀಡಿದರು. ಮಣ್ಣಿಗೂ ಬೆಳೆಗೂ ಇರುವ ಸಂಬಂಧದ ಅಧ್ಯಯನಕ್ಕೆ ವಿಜ್ಞಾನಿ ಡಾ. ಲೆಹ್‌ಮನ್ ನೇಮಕಗೊಂಡರು.

ಕಾಡು ಕಡಿದಾಗ ಆಗುವ ನಷ್ಟ ತಿಳಿಯಲು ಕಾಡಿನ ಮಣ್ಣನ್ನೂ ಪಕ್ಕದ ಹೊಲದ ಮಣ್ಣನ್ನೂ ಒಂದೇ ಆಳದಿಂದ ತೆಗೆದು ಹೋಲಿಸುತ್ತಾರೆ. ಮುಖ್ಯ ಸಾಕ್ಷಿ ಸಾವಯವ ಇಂಗಾಲ. ಕಾಡಿನಲ್ಲಿ ಉದುರಿದ ಎಲೆ ಅಲ್ಲೇ ಕೊಳೆತು ಇಂಗಾಲವಾಗಿ ಸೇರುತ್ತದೆ. ಉತ್ತ ಹೊಲದಲ್ಲಿ ಅದು ಬೇಗ ಕರಗುತ್ತದೆ, ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಇಂಗಾಲವನ್ನು ಸುಲಭವಾಗಿ ಅಳೆಯುವ ವಿಧಾನವನ್ನು ವಾಕ್ಲಿ ಮತ್ತು ಬ್ಲ್ಯಾಕ್ 1934ರಲ್ಲಿ ರೂಪಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ.

2009ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಭೂಚೇತನ’ ಯೋಜನೆ ತುಮಕೂರು ಜಿಲ್ಲೆಗೂ ಬಂತು. ಮಣ್ಣು ಪರೀಕ್ಷೆಗಳು ಗಂಧಕ, ಸತು, ಬೋರಾನ್‌ಗಳ ಕೊರತೆಯನ್ನು ಬಯಲಿಗೆ ತಂದವು. ಮಳೆಯೊಂದೇ ಬೆಳೆಗೆ ಅಡ್ಡಿಯಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಪರೀಕ್ಷೆ ಕೊರತೆಯನ್ನು ತೋರಿಸುತ್ತದೆ, ಅಷ್ಟೆ. ಅದನ್ನು ತುಂಬಬೇಕಾದದ್ದು ಕೊಟ್ಟಿಗೆ ಗೊಬ್ಬರ, ಕೆರೆಗೋಡು, ಬದುವಿನ ಮರಗಳೇ.